ಬೋರಲು ಮಲಗಿದ್ದವನು

ಅಜ್ಞಾತ ಎಂಬ ಪದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಡೂರಿನಲ್ಲಿ ನಾನು ಪಾಠ ಮಾಡುವ ಶಾಲೆಯ ಮಕ್ಕಳನ್ನು ಹಳೆಯ ಗುಡಿ, ಶಾಸನ ತೋರಿಸಲು ಕರೆದುಕೊಂಡು ಹೋದಾಗಲೆಲ್ಲ ಯಾವುದಾದರೂ ಒಂದು ಕೆತ್ತಿದ ಕಲ್ಲಿನ ಪಕ್ಕದಲ್ಲಿ ತಗಡಿನ ಬೋರ್ಡು ನಿಂತಿರುತ್ತದೆ: ಅಜ್ಞಾತ ವೀರ. ಯಾರಿಗೆ ಅಜ್ಞಾತ? ಬೋರ್ಡು ಬರೆಸಿದವರಿಗೆ ಗೊತ್ತಿಲ್ಲ, ಸರಿ. ಪಕ್ಕದ ಕೇರಿಗೆ ಹೋಗಿ ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಮಕ್ಕಳು ನನ್ನ ಮುಖ ನೋಡಿ, ಮೇಡಂಗೆ ಮತ್ತೆ ಶುರುವಾಯ್ತು ಅಂತ ಒಬ್ಬರನ್ನೊಬ್ಬರು ತಿವಿಯುತ್ತಾರೆ. ತಿವಿಯಲಿ. ನಮ್ಮ ಕಲ್ಲಿನ ಕಥೆಯನ್ನು ಪ್ರತಿ ವರ್ಷ ಅವರಿಗೆ ಬಾಯಲ್ಲಿ ಹೇಳುತ್ತಿದ್ದೆ. ಈ ಸಲ ಬರೆದೇ ಇಡೋಣ ಅನ್ನಿಸಿದೆ.

ನಮ್ಮೂರು ಅಜ್ಜಂಪುರದ ಕಡೆಯದು, ಶಿವನಿ ಸ್ಟೇಷನ್ನಿನಲ್ಲಿ ಇಳಿದರೆ ಒಂದು ಗಂಟೆಯ ನಡಿಗೆ. ಊರಿನ ಪಕ್ಕಕ್ಕೆ ಕೆರೆ, ಕೆರೆಯ ಏರಿಯ ಬುಡದಲ್ಲಿ ನಮ್ಮ ಕೇರಿ. ಏರಿ ಒಡೆದರೆ ಮೊದಲು ಮುಳುಗುವವರು ನಾವು. ಆದ್ದರಿಂದಲೋ ಏನೋ ಏರಿ ಕಾಯುವ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಕೆಲಸವನ್ನು ಹಿಂದಿನವರು ನಮ್ಮ ಮನೆಗೇ ಕಟ್ಟಿದ್ದರು. ಅಪ್ಪ ನೀರುಗಂಟಿ, ಅವನಪ್ಪ ನೀರುಗಂಟಿ, ಅದರ ಹಿಂದಿನದು ಅಜ್ಜಿಗೂ ಲೆಕ್ಕ ಸಿಗುತ್ತಿರಲಿಲ್ಲ. ಊರಿನವರ ಹೊಲದ ಕೊನೆಯ ಬದುವಿನವರೆಗೂ ನಮ್ಮ ಅಪ್ಪ ನೀರು ಹಾಯಿಸುತ್ತಿದ್ದ. ಊರ ದೇವಸ್ಥಾನದ ಅಂಗಳಕ್ಕೆ ಮಾತ್ರ ಒಂದು ಹೆಜ್ಜೆ ಇಟ್ಟವನಲ್ಲ. ಬರಬೇಡಿ ಅಂತ ಯಾರೂ ಹೇಳುತ್ತಿರಲಿಲ್ಲ, ಬನ್ನಿ ಅಂತಲೂ ಹೇಳುತ್ತಿರಲಿಲ್ಲ. ಹೇಳದೆಯೇ ನಡೆಯುವ ಇಂಥ ಕಾನೂನು ಎಷ್ಟು ಗಟ್ಟಿ ಅಂತ ಅದರ ಹೊರಗೆ ನಿಂತವರಿಗೇ ಗೊತ್ತು.

ಏರಿಯ ಬುಡದಲ್ಲಿ, ತೂಬಿನ ಕಾಲುವೆ ಹೊರಬರುವ ಕಡೆ, ಒಂದು ಚಪ್ಪಡಿ ಕಲ್ಲು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಆಳುದ್ದ, ಮೊಳಕ್ಕಿಂತ ತುಸು ಹೆಚ್ಚು ಅಗಲ. ಅದರ ಮೇಲೆ ಒಂದು ಗೀರೂ ಇಲ್ಲ, ಬೋಳು ಕಲ್ಲು. ಬಟ್ಟೆ ಒಗೆಯಲು ಅಂಥ ಕಲ್ಲು ಇನ್ನೊಂದು ಸಿಕ್ಕದು, ಆದರೆ ನಮ್ಮ ಕೇರಿಯಲ್ಲಿ ಒಬ್ಬರೂ ಅದರ ಮೇಲೆ ಒಂದು ಲಂಗೋಟಿಯನ್ನೂ ಒಗೆದವರಲ್ಲ. ಅದರ ಮೇಲೆ ಕಾಲಿಟ್ಟರೆ ಅಜ್ಜಿ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದಳು. ವರ್ಷಕ್ಕೊಮ್ಮೆ ತೂಬು ತೆಗೆದ ದಿನ ಮೊದಲ ಬಿಂದಿಗೆ ನೀರನ್ನು ಅವಳೇ ತಂದು ಆ ಕಲ್ಲಿನ ಮೇಲೆ ಸುರಿಯಬೇಕು. ನೀರು ಕೊನೆಯ ಗದ್ದೆ ಮುಟ್ಟುವ ತನಕ ಅಪ್ಪ ಅದರ ಪಕ್ಕದಲ್ಲಿ ಹಸಿದುಕೊಂಡು ಕೂರಬೇಕು. ಅರಿಶಿನವಿಲ್ಲ, ಕುಂಕುಮವಿಲ್ಲ, ಕಾಯಿ ಒಡೆಯುವುದಿಲ್ಲ. ಯಾಕೆ ಅಂತ ಕೇಳಿದರೆ ಅಜ್ಜಿಯ ಉತ್ತರ ಒಂದೇ.

"ಅವ್ನು ಬೋರಲು ಮಲಗವ್ನೆ ಕಣೇ. ಎಬ್ಬಿಸ್ಬ್ಯಾಡಿ."

ಯಾರು ಅವನು? ಅದನ್ನು ಮಾತ್ರ ಹೇಳಳು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಕಾಟ ಬೇರೆ ಉಂಟೇ. ನಾನಾಗ ಏಳನೇ ತರಗತಿ. ಅತ್ತೆಯ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ನನ್ನ ಜೊತೆ ಓದುತ್ತಿದ್ದಳು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಧೈರ್ಯದಲ್ಲಿ ಹತ್ತು ವರ್ಷಕ್ಕೆ. ಆ ವರ್ಷ ಮಳೆ ಜೋರಾಗಿ, ಏರಿಯಿಂದ ಇಳಿದ ನೀರು ಕಲ್ಲಿನ ಒಂದು ಮಗ್ಗುಲಲ್ಲಿ ಮಣ್ಣು ಕೊರೆದು ಅಡಿಗೆ ಸಂದು ಮಾಡಿತ್ತು. ಅಜ್ಜಿ ಹುಲ್ಲಿಗೆ ಹೋಗಿದ್ದ ಹೊತ್ತು ನೋಡಿ ಇವಳು ಹೊಟ್ಟೆ ಅಡಿ ಮಾಡಿ ಮಲಗಿ ಮೊಣಕೈವರೆಗೂ ಕೈ ತೂರಿಸಿಬಿಟ್ಟಳು. ಹಾವಿದ್ದರೆ ಏನೇ ಗತಿ ಅಂತ ನಾನು ಅವಳ ಲಂಗ ಹಿಡಿದು ಎಳೆಯುತ್ತಿದ್ದೆ. ಅವಳು ತಟ್ಟನೆ ನನ್ನತ್ತ ತಿರುಗಿದಳು.

"ಲೇ, ಕಾಲ್ಬೆರಳು ಕಣೇ," ಅಂದಳು. "ಐದೂ ಅವೆ."

ನಾನೂ ಕೈ ಹಾಕಿದೆ. ನಿಜವಾಗಿಯೂ ಐದು ಬೆರಳು, ತಣ್ಣಗೆ, ಉಗುರಿನ ಸಮೇತ. ಅಜ್ಜಿ ಹೇಳುತ್ತಿದ್ದದ್ದು ಬರೀ ಮಾತಲ್ಲ, ಅಡಿಯಲ್ಲಿ ಒಬ್ಬ ಮನುಷ್ಯ ನಿಜಕ್ಕೂ ಇದ್ದ. ಕೈ ಹೊರಗೆ ತೆಗೆಯುವುದೇ ಮರೆತುಹೋಯಿತು.

ಅವತ್ತಿನಿಂದ ಸುಮಾರು ಹದಿನೈದು ದಿನ ನಮಗೆ ಅದೇ ಕೆಲಸ. ಶಾಲೆ ಬಿಟ್ಟು ಬಂದವರು ಸೀದಾ ಏರಿಯ ಬುಡಕ್ಕೆ. ಕಣ್ಣಿಗೆ ಏನೂ ಕಾಣದು, ಬೆರಳಿಗೆ ಸಿಕ್ಕಿದ್ದೇ ಗತಿ. ಸಿಕ್ಕಿದ್ದನ್ನು ಒಬ್ಬಳು ಹೇಳಬೇಕು, ಇನ್ನೊಬ್ಬಳು ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಬೇಕು. ಮೊದಲು ಕಾಲು, ಆಮೇಲೆ ಮೊಣಕಾಲಿಗೆ ಕಟ್ಟಿದ ಬಟ್ಟೆಯ ಮಡಿಕೆ, ಆಮೇಲೆ ಪಕ್ಕದಲ್ಲಿ ಒಂದು ಉದ್ದ ಕೋಲು. ಕೋಲಿನ ಕೆಳತುದಿಯಲ್ಲಿ ದಪ್ಪ ಗಡ್ಡೆ. ಕೋಲಿನ ಮೇಲೆ ಅಷ್ಟಷ್ಟು ದೂರಕ್ಕೆ ಕಿರುಬೆರಳು ಹೋಗುವಷ್ಟು ಗುಳಿ. ಬೆರಳಿನ ಲೆಕ್ಕ ಒಬ್ಬರದು ಇದ್ದಂತೆ ಇನ್ನೊಬ್ಬರದು ಇರುತ್ತಿರಲಿಲ್ಲ. ನಾನು ಆರು ಗುಳಿ ಅಂದರೆ ಅವಳು ನಾಲ್ಕು ಅನ್ನುತ್ತಿದ್ದಳು, ಜುಟ್ಟು ಹಿಡಿದು ಜಗಳವೂ ಆಯಿತು. ಜಗಳ ತೀರಿಸಲು ಅಚ್ಚು ತೆಗೆಯೋಣ ಅಂದವಳು ಅವಳೇ. ಎರೆಮಣ್ಣು ಕಲಸಿ ಒತ್ತಿದೆವು, ಅದು ಕಲ್ಲಿಗೇ ಕಚ್ಚಿಕೊಂಡು ಕೂತಿತು. ಕೊನೆಗೆ ತಂಗಳು ರಾಗಿಮುದ್ದೆ ಕದ್ದು ತಂದು, ಕೈಗೆ ಎಣ್ಣೆ ಸವರಿ, ಅಡಿಯಿಂದ ಮೇಲಕ್ಕೆ ಒತ್ತಿ ಹಿಡಿದು ಮೆಲ್ಲಗೆ ಬಿಡಿಸಿದರೆ, ಅಬ್ಬಾ, ಚೊಕ್ಕವಾಗಿ ಬಂತು. ಕಲ್ಲಿನಲ್ಲಿ ಗುಳಿ ಇದ್ದ ಕಡೆ ಮುದ್ದೆಯಲ್ಲಿ ಉಬ್ಬು. ಎಣಿಸಿದೆವು, ಆರು. ನಾನು ಗೆದ್ದಿದ್ದೆ. ಆದರೆ ಆರು ಗುಳಿಯ, ಬುಡದಲ್ಲಿ ಗಡ್ಡೆಯಿರುವ ಕೋಲು ಯಾವುದು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ನನಗೆ ಜಂಭ. ಮುದ್ದೆಯ ಅಚ್ಚನ್ನು ಬಿಸಿಲಿಗೆ ಒಣಗಿಸಿ, ಬಾಳೆಲೆಯಲ್ಲಿ ಸುತ್ತಿ, ಶಾಲೆಗೆ ಒಯ್ದು ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಮೇಷ್ಟ್ರು ಒಳ್ಳೆಯವರು, ಅದೇ ತೊಂದರೆಯಾಯಿತು. ನನ್ನನ್ನು ಇಡೀ ಕ್ಲಾಸಿನ ಎದುರು ಹೊಗಳಿ, ತರೀಕೆರೆಯಲ್ಲಿ ಹಳೆಯ ಕಲ್ಲುಗಳ ಬಗ್ಗೆ ಬರೆಯುತ್ತಿದ್ದ ಒಬ್ಬ ಸಂಶೋಧಕರಿಗೆ ಅಂದೇ ಫೋನ್ ಮಾಡಿದರು. ಆ ವಾರವೇ ಹಾರೆ, ಹಗ್ಗ, ಎಂಟು ಜನ ಗಂಡಸರು ಬಂದರು. ಅಜ್ಜಿ ಅಡ್ಡ ನಿಂತಳು, ಅವಳನ್ನು ಅಜ್ಜೀ ಅಜ್ಜೀ ಅಂತ ಪುಸಲಾಯಿಸಿ ಪಕ್ಕಕ್ಕೆ ಸರಿಸಿದರು. ಕಲ್ಲು ಎದ್ದು ನಿಂತಿತು.

ಎದೆ ಸೆಟೆಸಿ ನಿಂತ ಗಂಡಸು. ಮೈಮೇಲೆ ಒಡವೆಯಿಲ್ಲ. ಅವನ ಕಾಲ ಬಳಿ ನೀರಿನ ಅಲೆಯಂಥ ಗೆರೆಗಳು, ತಲೆಯ ಮೇಲೆ ಸೂರ್ಯ ಚಂದ್ರ. ಬಲಗೈಯಲ್ಲಿ ಆ ಕೋಲು, ಗಡ್ಡೆ ಕೆಳಗೆ ಮಾಡಿ ಊರಿದ್ದು. ಕಲ್ಲು ಎಬ್ಬಿಸುವಾಗ ಹಸಿ ಮಣ್ಣು ಮೆತ್ತಿ ಗುಳಿಗಳೆಲ್ಲ ತುಂಬಿಹೋಗಿದ್ದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಸಂಶೋಧಕರು ಕನ್ನಡಕ ಮೇಲೆ ಕೆಳಗೆ ಮಾಡಿ, ಇದು ಗದೆ, ಇವನು ಯಾರೋ ಪಾಳೆಯಗಾರನ ಕಡೆಯ ವೀರ ಇರಬೇಕು ಅಂದರು. ಊರಿನ ದೊಡ್ಡಮನೆಯ ಯಜಮಾನರು ಅಲ್ಲೇ ನಿಂತಿದ್ದರು. ಅವರಿಗೆ ಅಷ್ಟು ಸಾಕಾಯಿತು. ನಮ್ಮ ವಂಶದಲ್ಲಿ ಒಬ್ಬ ಗದೆ ಹಿಡಿದವನಿದ್ದ, ನಮ್ಮ ತಾತ ಹೇಳುತ್ತಿದ್ದರು ಅಂದರು. ಮುಂದಿನ ಸೋಮವಾರ ಟ್ರ್ಯಾಕ್ಟರ್ ತಂದು ಕಲ್ಲನ್ನು ಊರ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಸಂಶೋಧಕರು ಬರೆದದ್ದು ಪೇಪರಿನಲ್ಲಿ ಚಿತ್ರದ ಸಮೇತ ಬಂತು. ಚಿತ್ರದ ಗದೆಯ ಹಿಡಿ ನುಣ್ಣಗಿತ್ತು, ಕೆಳಗೆ ನನ್ನ ಹೆಸರೂ ಇರಲಿಲ್ಲ. ಹೆಸರು ಇಲ್ಲದ್ದಕ್ಕೆ ಅತ್ತಿದ್ದು ನನಗೆ ನೆನಪಿದೆ. ಎಂಥ ಮೂರ್ಖ ಹುಡುಗಿ ನಾನು.

ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದೆ ಕುಕ್ಕುವಳು, ಎತ್ತಿಕೊಂಡು ಹೋಗುವಳು. ಮೂರನೇ ದಿನ ಬೀಸುವ ಕಲ್ಲಿನ ಮುಂದೆ ಕೂತವಳು ನನ್ನತ್ತ ತಿರುಗದೆಯೇ ಹೇಳತೊಡಗಿದಳು. ಹಿಂದೆ ಒಂದು ಕಾಲದಲ್ಲಿ ಊರಿನವರು ಮನೆ ಕಟ್ಟಲು, ಜಗಲಿಗೆ ಮೆಟ್ಟಿಲು ಮಾಡಲು ಕೆತ್ತನೆಯ ಕಲ್ಲುಗಳನ್ನೆಲ್ಲ ಹುಡುಕಿ ಹುಡುಕಿ ಹೊತ್ತೊಯ್ಯುತ್ತಿದ್ದರಂತೆ. ನಮ್ಮ ಕೇರಿಯ ಎರಡು ಕಲ್ಲು ಹಾಗೆ ಹೋಗಿ ಯಾರದೋ ಹಟ್ಟಿಯ ಕಾಲಡಿ ಸೇರಿದವಂತೆ. ಉಳಿದವನೊಬ್ಬನನ್ನು ನಮ್ಮವರೇ, ಅವನ ಮಕ್ಕಳ ಮೊಮ್ಮಕ್ಕಳೇ, ಬೋರಲು ಹಾಕಿ ಮಣ್ಣು ಎಳೆದರಂತೆ.

"ಮೊಕ ಕಂಡ್ರೆ ಹೊತ್ಕಂಡೋಯ್ತಾರೆ ಅಂತ ಮೊಕ ಮುಚ್ಚಿದ್ವಿ," ಅಂದಳು. "ನೀನು ತೋರ್ಸ್ಬಿಟ್ಟೆ."

ನನಗೆ ಇವತ್ತಿಗೂ ಆ ಮಾತು ಚುಚ್ಚುತ್ತದೆ. ಅವನು ಏನು ಮಾಡಿದ್ದ, ಯಾಕೆ ಕಲ್ಲು ನಿಲ್ಲಿಸಿದರು ಅಂತ ಕೇಳಿದೆ. ಅದು ಅವಳಿಗೂ ಗೊತ್ತಿರಲಿಲ್ಲ. ನಮ್ಮವನು, ಕೆರೆಯಲ್ಲಿ ಹೋದವನು, ಅಷ್ಟೇ ಅವಳವರೆಗೆ ಬಂದು ಮುಟ್ಟಿದ್ದು. ಅಷ್ಟನ್ನು ಹಿಡಿದುಕೊಂಡು ಯಜಮಾನರ ಎದುರು ವಾದ ಮಾಡಿದರೆ ಯಾರು ಕೇಳುತ್ತಾರೆ? ಅವರ ತಾತನ ಮಾತು ಪೇಪರಿಗೆ ಬಂತು, ನಮ್ಮ ಅಜ್ಜಿಯ ಮಾತು ರಾಗಿಹಿಟ್ಟಿನ ಜೊತೆ ಬೀಸುವ ಕಲ್ಲಿನ ಸುತ್ತ ಉದುರಿತು.

ಸೋಮವಾರ ಶಾಲೆಗೆ ಹೋಗುವುದಿಲ್ಲ ಅಂತ ಹಟ ಮಾಡಿ ನಡುಮನೆಯಲ್ಲಿ ಅಂಗಾತ ಮಲಗಿದ್ದೆ. ಹೊರಗೆ ಟ್ರ್ಯಾಕ್ಟರ್ ಸದ್ದು ಆಗಲೇ ಕೇಳುತ್ತಿತ್ತು. ಸೂರಿನ ಜಂತೆಗೆ ತೂಗುಬಿಟ್ಟ ಒಂದು ಮರದ ಕೋಲಿನ ಮೇಲೆ ಅಜ್ಜಿ ಕಂಬಳಿ ಹಾಕುತ್ತಿದ್ದಳು, ನನಗೆ ಬುದ್ಧಿ ಬಂದಾಗಿನಿಂದ ಅದು ಕಂಬಳಿ ಹಾಕುವ ಕೋಲು. ಅವತ್ತು ಕಂಬಳಿ ತೊಳೆಯಲು ತೆಗೆದಿದ್ದರು. ಬರಿಯ ಕೋಲು. ಸಾಲಾಗಿ ತೂತು. ಒಂದು ತುದಿಯಲ್ಲಿ ಬಿರಡೆಯಂಥ ದಪ್ಪ ಗಡ್ಡೆ.

ಅತ್ತೆಯ ಮಗಳನ್ನು ಕೂಗಿ ತೋರಿಸಿದೆ. ಅವಳು ನೋಡಿದಳು, ನನ್ನನ್ನು ನೋಡಿದಳು, ಅಪ್ಪನನ್ನು ಕರೆಯಲು ಓಡಿದಳು. ಅದು ತೂಬಿನ ಕೋಲು. ಕೆರೆಗೆ ಕಬ್ಬಿಣದ ಚಕ್ರದ ಗೇಟು ಹಾಕಿದ್ದು ನಾನು ಕೂಸಾಗಿದ್ದಾಗ. ಅದಕ್ಕೂ ಮುಂಚೆ ತೂಬಿನ ಬಾಯಿಗೆ ಮರದ ಬಿರಡೆ, ಬಿರಡೆಗೆ ಆಳೆತ್ತರದ ಕೋಲು. ಎಷ್ಟು ನೀರು ಬೇಕೋ ಅಷ್ಟು ಎತ್ತಿ, ಕೋಲಿನ ತೂತಿಗೆ ಗೂಟ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಕಡೆಯ ತೂತಿಗೆ ಬಂದರೆ ತೂಬು ಪೂರಾ ತೆರೆದಂತೆ. ಬಿರಡೆ ಸಿಕ್ಕಿಹಾಕಿಕೊಂಡರೆ ನೀರುಗಂಟಿ ಉಸಿರು ಕಟ್ಟಿ ಅಡಿಗೆ ಮುಳುಗಬೇಕು. ಮುಳುಗಿದವರೆಲ್ಲ ಮೇಲೆ ಬರುತ್ತಿರಲಿಲ್ಲ. ಇದನ್ನೆಲ್ಲ ಅಪ್ಪ ನಿಂತಲ್ಲೇ ಎರಡು ಮಾತಲ್ಲಿ ಹೇಳಿದ. ನಾವು ತಡವರಿಸುತ್ತ ಆರು ಗುಳಿಯ ವಿಷಯ ಹೇಳಿದೆವು. ಅಪ್ಪ ಕೋಲನ್ನು ಇಳಿಸಿ ಹೆಗಲ ಮೇಲೆ ಇಟ್ಟುಕೊಂಡು ಹೊರಟ. ಊರಿನವರ ಮುಂದೆ ಹೋಗುವಾಗ ತಲೆಯ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವುದು ಅಪ್ಪನ ರೂಢಿ. ಅವತ್ತು ತೆಗೆಯಲಿಲ್ಲ.

ಕಲ್ಲಿಗೆ ಆಗಲೇ ಹಗ್ಗ ಬಿಗಿದಿದ್ದರು. ಯಜಮಾನರು, ಊರಿನ ಹತ್ತಿಪ್ಪತ್ತು ಜನ, ಮೇಷ್ಟ್ರು, ತರೀಕೆರೆಯ ಸಂಶೋಧಕರು ಎಲ್ಲರೂ ಇದ್ದರು. ನಮ್ಮ ಕೇರಿಯವರು ದೂರದಲ್ಲಿ ಗುಂಪಾಗಿ ನಿಂತಿದ್ದರು. ನಾನು ಹೋಗಿ ಸಂಶೋಧಕರ ಮುಂದೆ ನಿಂತೆ.

"ಅದು ಗದೆ ಅಲ್ಲ ಸಾ," ಅಂದೆ. "ಅದ್ರಲ್ಲಿ ಆರು ತೂತವೆ. ನಾವು ಬೆರಳಾಗೆ ಮುಟ್ಟಿ ನೋಡೀವಿ."

ಒಂದಿಬ್ಬರು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಅವರು ಆ ಒಣಗಿದ ಮುದ್ದೆಯ ಅಚ್ಚನ್ನು ಇನ್ನೂ ಇಟ್ಟುಕೊಂಡಿದ್ದರು, ಅದರ ಮೇಲಿನ ಉಬ್ಬುಗಳ ಮಾತನ್ನು ಸಂಶೋಧಕರ ಕಿವಿಯಲ್ಲಿ ಹೇಳಿದರು. ಸಂಶೋಧಕರು ನೆಲಕ್ಕೆ ಮಂಡಿಯೂರಿ, ಬೇವಿನ ಕಡ್ಡಿಯಿಂದ ಮಣ್ಣು ಕೆದರತೊಡಗಿದರು. ಒಂದು ಗುಳಿ ತೆರೆಯಿತು, ಎರಡಾಯಿತು. ಆರನೆಯದು ತೆರೆಯುವ ಹೊತ್ತಿಗೆ ನಕ್ಕವರೂ ಬಗ್ಗಿ ಎಣಿಸುತ್ತಿದ್ದರು. ಅಪ್ಪ ಕೋಲನ್ನು ಕಲ್ಲಿನ ಮಗ್ಗುಲಿಗೆ ತಂದು, ಗಡ್ಡೆ ಕೆಳಗೆ ಮಾಡಿ ನಿಲ್ಲಿಸಿದ. ಅದರಲ್ಲೂ ಆರು. ಸಂಶೋಧಕರು ಎದ್ದು ನಿಂತು, ನಾನು ತಪ್ಪು ಬರೆದೆ, ಇವನು ತೂಬಿನಲ್ಲಿ ಜೀವ ಬಿಟ್ಟ ನೀರುಗಂಟಿ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಮನುಷ್ಯನಿಗೆ ನನ್ನ ಸಿಟ್ಟಿನಲ್ಲಿ ಪಾಲಿಲ್ಲ. ತಿಳಿದವರು ತಪ್ಪು ಒಪ್ಪಿಕೊಂಡದ್ದನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ.

ಯಜಮಾನರು ಸೋಲುವ ಗಿರಾಕಿಯಲ್ಲ. ಮೀಸೆ ಸವರಿಕೊಂಡು ಬಲು ಮೆತ್ತಗೆ ಮಾತು ತೆಗೆದರು.

"ಯಾರಾದ್ರೇನಂತೆ. ಊರ ಕೆರೆಗೆ ಜೀವ ಕೊಟ್ಟೋನು ಅಂದ್ಮೇಲೆ ಊರಿಗೆಲ್ಲ ಸೇರಿದೋನು. ದೇವಸ್ಥಾನದ ಅಂಗಳದಲ್ಲಿ ಗುಂಡಿ ತೋಡಿ ಆಗೈತೆ. ಅಲ್ಲೇ ಭದ್ರವಾಗಿ ಇರ್ಲಿ."

ನೋಡಿ ಎಷ್ಟು ನಯ. ಅವರ ವಂಶದವನು ಅಂದಾಗಲೂ ಅಂಗಳಕ್ಕೆ, ನಮ್ಮವನು ಅಂತ ಗೊತ್ತಾದ ಮೇಲೂ ಅಂಗಳಕ್ಕೆ. ಮೇಷ್ಟ್ರು ನೆಲ ನೋಡಿದರು. ಆಗ ಅಜ್ಜಿ ಗುಂಪಿನಿಂದ ಮುಂದೆ ಬಂದಳು.

"ಆಯ್ತು ಸ್ವಾಮಿ, ತಗಂಡೋಗಿ," ಅಂದಳು. "ಅವ್ನು ಎಲ್ಲಿರ್ತಾನೋ ನಾವೂ ಅಲ್ಲಿಗೇ ಬತ್ತೀವಿ. ಬಿಂದ್ಗೆ ಹೊತ್ಕಂಡು, ಕೇರಿಗೆ ಕೇರಿನೇ. ಅಂಗಳದ ಒಳಕ್ಕೆ."

ಟ್ರ್ಯಾಕ್ಟರಿನವನು ಇಂಜಿನ್ ಆರಿಸಿ ಯಜಮಾನರ ಮುಖ ನೋಡಿದ. ಈಗ ಅವರು ಬರಬೇಡಿ ಅಂತ ಬಾಯಿಬಿಟ್ಟು ಹೇಳಬೇಕು, ತರೀಕೆರೆಯಿಂದ ಬಂದವರ ಎದುರು. ಇಲ್ಲವೇ ಬನ್ನಿ ಅನ್ನಬೇಕು. ಯಜಮಾನರಿಗೆ ಇದ್ದಕ್ಕಿದ್ದಂತೆ ಶಾಸ್ತ್ರ ನೆನಪಾಯಿತು. ಇಂಥ ಕಲ್ಲುಗಳನ್ನು ಇದ್ದ ಜಾಗದಿಂದ ಕದಲಿಸಿದರೆ ಊರಿಗೆ ಒಳ್ಳೆಯದಲ್ಲವಂತೆ. ಇಲ್ಲೇ ಇರಲಿ ಬಿಡಿ ಅಂದರು. ಹಗ್ಗ ಬಿಚ್ಚಿದರು, ಟ್ರ್ಯಾಕ್ಟರ್ ಬಂದ ದಾರಿಗೇ ಹೋಯಿತು.

ಕೇರಿಯವರೆಲ್ಲ ಓ ಅಂತ ಕೂಗಿದರು. ನಾನು, ಅತ್ತೆಯ ಮಗಳು ಕೈ ಕೈ ಹಿಡಿದು ಕುಣಿದೆವು. ಗೆದ್ದೆವಲ್ಲ. ಕಲ್ಲು ಉಳಿಯಿತು, ಅವನು ಯಾರೆಂದು ಊರಿಗೆಲ್ಲ ಗೊತ್ತಾಯಿತು. ನಾನು ಮಾಡಿದ ತಪ್ಪು ಅಳಿಸಿಹೋಯಿತು ಅಂತ ಅಜ್ಜಿಯ ಸೊಂಟ ತಬ್ಬಿಕೊಂಡೆ. ಅಜ್ಜಿ ನಗುತ್ತಿರಲಿಲ್ಲ.

"ಕಲ್ಲು ಬ್ಯಾಡ ಅಂದಿದ್ದಲ್ಲ ಕಣೇ ಅವ್ರು," ಅಂದಳು. "ನಮ್ಮನ್ನ ಬ್ಯಾಡ ಅಂದ್ರು."

ಮರುದಿನ ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆ ಮನೆಗೆ ಉಡುವ ಸೀರೆ ಉಟ್ಟಳು. ನನ್ನ ಕೈ ಹಿಡಿದುಕೊಂಡು ಊರೊಳಗೆ ನಡೆದಳು. ಎಲ್ಲಿಗೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ದೇವಸ್ಥಾನದ ಬಾಗಿಲ ಹೊಸ್ತಿಲಲ್ಲಿ ನನ್ನ ಕಾಲು ತಾನಾಗಿಯೇ ನಿಂತುಹೋಯಿತು. ಹನ್ನೆರಡು ವರ್ಷಕ್ಕೇ ಕಾಲಿಗೆ ಆ ಕಾನೂನು ಪಾಠವಾಗಿತ್ತು. ಅಜ್ಜಿ ಕೈ ಬಿಡಲಿಲ್ಲ, ಎಳೆದುಕೊಂಡೇ ಒಳಗೆ ಹೋದಳು. ಅಂಗಳದ ನಡುವೆ, ಕಲ್ಲಿಗೆಂದು ತೋಡಿದ ಗುಂಡಿ ಬಾಯಿ ತೆರೆದುಕೊಂಡಿತ್ತು. ಅವಳು ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಪಕ್ಕದ ನೆಲ ತಟ್ಟಿ ನನ್ನನ್ನೂ ಕೂರಿಸಿದಳು. ಪೂಜಾರರು ಕೈಯಲ್ಲಿ ಹೂವಿನ ಬುಟ್ಟಿ ಹಿಡಿದುಕೊಂಡೇ ಬಂದು, ಏನು ಬಂದಿರಿ ಅಂತ ಕೇಳಿದರು.

"ನಮ್ಮೋನಿಗೆ ತೋಡಿದ್ ಗುಂಡಿ ಅಲ್ವಾ ಸ್ವಾಮಿ," ಅಂದಳು ಅಜ್ಜಿ. "ನೋಡ್ಕಂಡೋಗಣ ಅಂತ ಬಂದ್ವಿ."

ಬಾಗಿಲಲ್ಲಿ ಜನ ಸೇರಿದರು, ಯಜಮಾನರೂ ಬಂದು ನಿಂತರು. ಏಳಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಜ್ಜಿ ಎಲೆಅಡಿಕೆ ಹಾಕಿಕೊಂಡು ಬಿಸಿಲು ಏರುವ ತನಕ ಕೂತಿದ್ದು, ಸೊಂಟ ಹಿಡಿದುಕೊಂಡು ಎದ್ದಳು. ಮರುದಿನ ಅತ್ತೆಯ ಮಗಳೂ ಬಂದಳು. ಅದರ ಮರುದಿನ ಅಪ್ಪ ಬಂದ. ಆಮೇಲೆ ಪಕ್ಕದ ಮನೆಯವರು. ಆ ವಾರವೆಲ್ಲ ಗುಂಡಿಯ ಸುತ್ತ ನಮ್ಮವರು ಕೂತು, ಬೆಳೆಯ ಮಾತು ಮಳೆಯ ಮಾತು ಆಡಿ ಏಳುತ್ತಿದ್ದರು. ಎಂಟನೇ ದಿನ ಹೋದಾಗ ಗುಂಡಿ ಇರಲಿಲ್ಲ. ರಾತ್ರೋರಾತ್ರಿ ಮುಚ್ಚಿ, ದಮ್ಮಸು ಹಾಕಿ, ಮೇಲೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ನೋಡಲು ಇನ್ನೇನೂ ಉಳಿದಿರಲಿಲ್ಲ. ಬಾಗಿಲ ಆಚೆ ನಿಂತವರು ಈಗ ಇವರು ಹಿಂದೆ ತಿರುಗುತ್ತಾರೆ ಅಂತ ಕಾಯುತ್ತಿದ್ದರು. ಅಜ್ಜಿ ಆ ಸಾರಿಸಿದ ನೆಲದ ನಟ್ಟನಡುವೆ ಹೋಗಿ, ಸೆರಗು ಸರಿಮಾಡಿಕೊಂಡು, ಕೂತಳು.